ಬೇಗೂರಿನಾಚೆಯ ಬಂಡಿಜಾಡುಗಳು

ಬೆಂಗಳೂರಿನ ಬೊಮ್ಮನಹಳ್ಳಿಯಿಂದ ಬೇಗೂರು ರಸ್ತೆ ಹಿಡಿದು ನೈರುತ್ಯಕ್ಕೆ, ಬನ್ನೇರುಘಟ್ಟದ ದಿಕ್ಕಿಗೆ ಸಾಗುವವರೆಲ್ಲರೂ ಒಂದು ಜಲವಿಭಾಜಕವನ್ನು, ಅಂದರೆ ತನ್ನ ಮೇಲೆ ಬಿದ್ದ ಮಳೆಯನ್ನು ಎರಡು ಬೇರೆ ನದಿಗಳಿಗೆ ಹಂಚುವ ದಿಣ್ಣೆಯನ್ನು ದಾಟಿಯೇ ಹೋಗುತ್ತಾರೆ. ದಿಣ್ಣೆಯ ಈಚೆಗೆ ಬಿದ್ದ ನೀರು ಹುಳಿಮಾವು, ಮಡಿವಾಳ, ಅಗರ ಕೆರೆಗಳಲ್ಲಿ ತುಂಬಿ, ಕೋಡಿ ಹರಿದು, ಬೆಳ್ಳಂದೂರು ಮತ್ತು ವರ್ತೂರುಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ; ಆಚೆಗೆ ಬಿದ್ದದ್ದು ಬನ್ನೇರುಘಟ್ಟದ ಕಾಡಿನಂಚಿನಲ್ಲಿ ಸುವರ್ಣಮುಖಿಯಾಗಿ ಹರಿದು ಅರ್ಕಾವತಿಗೆ ಕೂಡಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಒಪ್ಪಿಸಿಕೊಳ್ಳುತ್ತದೆ. ಈ ಇಳಿಜಾರಿನ ಮೇಲೆ ಕಳೆದ ಎರಡು ದಶಕಗಳಲ್ಲಿ ಗುಡ್ಡದ ಸೈಕಲ್ ಸವಾರರು ಹಾದಿಗಳ ಒಂದು ಜಾಲವನ್ನೇ ಗುರುತಿಸಿಕೊಂಡಿದ್ದು, ಅದರ ಒಂದು ಎಳೆ ತುರಹಳ್ಳಿಯ ಬಂಡೆಗಳ ಮೇಲೆ, ಮತ್ತೊಂದು ಕಗ್ಗಲೀಪುರ, ಹಾರೋಹಳ್ಳಿ, ಕನಕಪುರಗಳ ಕಡೆಗೆ, ಇನ್ನೊಂದು ಆನೇಕಲ್ ಮತ್ತು ಮುತ್ಯಾಲ ಮಡುವನ್ನು ಹಾದು ತಮಿಳುನಾಡಿನ ತಳಿಯ ಕಡೆಗೆ ಹರಡಿಕೊಂಡಿದೆ. ಇವುಗಳಲ್ಲಿ ಸೈಕಲಿಗೆಂದೇ ಕಡಿದ ಹಾದಿ ತೀರ ಕಡಿಮೆ. ದನ, ಬಂಡಿ, ಸೌದೆಹೊರೆ, ಜಾತ್ರೆಯ ತೇರು ಮತ್ತು ಕಲ್ಲುಕ್ವಾರಿಯ ಲಾರಿ ಇವೇ ಅವನ್ನು ತುಳಿದು ಮಾಡಿದ್ದು; ಸೈಕಲ್ ಅಲ್ಲಿಗೆ ಬಂದದ್ದು ತಡವಾಗಿ.

ಸೈಕಲಿನ ಕಥೆಯೂ ಹೆಚ್ಚು ಹಳೆಯದಲ್ಲ. ಮೌಂಟನ್ ಬೈಕ್ ಎಂದರೆ ಅಗಲವಾದ ಕಚ್ಚುಟೈರು, ಕಡಿದಾದ ಏರಿಗೆ ಒದಗುವ ಹಗುರ ಗೇರು, ಬಲವಾದ ಬ್ರೇಕು ಮತ್ತು ಮುಂಗವೆಯಲ್ಲಿ ಕುಲುಕಾಟ ನುಂಗುವ ಸಸ್ಪೆನ್ಷನ್ ಇರುವ, ಟಾರು ಕಾಣದ ನೆಲಕ್ಕೆಂದು ರೂಪಿಸಿದ ಸೈಕಲು. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ ದಪ್ಪಟೈರಿನ ಸೈಕಲುಗಳನ್ನು ಬೆಟ್ಟದ ಮಣ್ಣುರಸ್ತೆಯಲ್ಲಿ ಇಳಿಸತೊಡಗಿ, 1976ರ ಅಕ್ಟೋಬರ್ 21ರಂದು ‘ರೀಪ್ಯಾಕ್’ ಎಂಬ ಇಳಿಜಾರಿನಲ್ಲಿ ಮೊದಲ ಸ್ಪರ್ಧೆ ನಡೆಸಿದರು; ಒಂದೇ ಇಳಿತಕ್ಕೆ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸು ಉರಿದುಹೋಗಿ ಪ್ರತಿಸಲವೂ ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು ನಿಂತಿತು. ಜೋ ಬ್ರೀಜ್ ಅವರು ಇದಕ್ಕೆಂದೇ ಚೌಕಟ್ಟು ಕಟ್ಟಿದರು, 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಮಾರಾಟಕ್ಕೆ ಕಂಪನಿ ತೆರೆದರು, 1990ರಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು, 1996ರ ಅಟ್ಲಾಂಟಾ ಒಲಿಂಪಿಕ್ಸ್ ಈ ಕ್ರೀಡೆಯನ್ನು ಒಳಗೊಂಡಿತು. ರೀಪ್ಯಾಕಿನಲ್ಲಿ ಸುಮಾರು 3 ಕಿ.ಮೀ. ಒಳಗೆ 400 ಮೀಟರಿನಷ್ಟು ಇಳಿತವಿದ್ದರೆ, ಬೆಂಗಳೂರಿನಿಂದ ಕಾವೇರಿಯ ಸಂಗಮದವರೆಗಿನ ಸೀಮೆ ತನ್ನ ಇಳಿತವನ್ನು ಸುಮಾರು 90 ಕಿ.ಮೀ. ಉದ್ದಕ್ಕೆ, ಏರು ತಗ್ಗುಗಳಲ್ಲಿ ಹರಡಿ ಕೊಡುತ್ತದೆ. ಆದ್ದರಿಂದ ಇಲ್ಲಿನ ಸವಾರಿ ಮೊದಲಿನಿಂದಲೂ ಧುಮ್ಮಿಕ್ಕುವುದಕ್ಕಿಂತ ದೂರ ಕ್ರಮಿಸುವುದನ್ನೇ ನೆಚ್ಚಿಕೊಂಡಿದ್ದು, ಹಾದಿಗಳ ಆಯ್ಕೆಯೂ ಆ ಗುಣಕ್ಕೆ ಒಗ್ಗಿಕೊಂಡಿದೆ.

ಕರ್ನಾಟಕದ ಹಳ್ಳಿ ಪೇಟೆಗಳಿಗೆ ಈ ಮಾದರಿ ಬಂದದ್ದು ‘ರೇಂಜರ್ ಸೈಕಲ್’ ಆಗಿ. 1990ರ ದಶಕದಲ್ಲಿ ನೆಟ್ಟಗಿನ ಹ್ಯಾಂಡಲ್ ಮತ್ತು ದಪ್ಪ ಟೈರಿನ ಸೈಕಲು ಯಾವ ಕಂಪನಿಯದಾದರೂ ಹುಡುಗರ ಬಾಯಲ್ಲಿ ರೇಂಜರ್ ಆಗಿತ್ತು. ಅದರ ರೂಪ ಬೆಟ್ಟದ್ದು, ಒಳಗಿನ ಸತ್ವ ಮಾತ್ರ ಪೇಟೆರಸ್ತೆಯದು. ನಿಜವಾದ ಗೇರು ಸೈಕಲುಗಳು 2000ದ ದಶಕದ ನಡುವಿನಲ್ಲಿ, ಹೊಸೂರು ರಸ್ತೆಯ ಆಚೀಚೆ ಮಾಹಿತಿ ತಂತ್ರಜ್ಞಾನ ಕಂಪನಿಗಳ ಸಂಬಳ ಬೆಳೆದ ಕಾಲಕ್ಕೆ ನಗರದ ಅಂಗಡಿಗಳಿಗೆ ಬಂದವು. ಅದೇ ಹೊತ್ತಿಗೆ, 2006-07ರಲ್ಲಿ, ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ್ದರಿಂದ, ಆನೇಕಲ್ ಸೀಮೆಯ ಹಾದಿಗಳಲ್ಲಿ ಶಾಲೆಗೆ ಹೋಗುವ ಸೈಕಲ್ಲೂ ರಜೆಯ ದಿನ ಗುಡ್ಡ ಹುಡುಕುವ ಸೈಕಲ್ಲೂ ಒಂದೇ ಜಾಡಿನಲ್ಲಿ ಓಡತೊಡಗಿದವು. ಇವೆರಡರಲ್ಲಿ ಆ ಜಾಡಿನ ನಿಜವಾದ ಬಳಕೆದಾರ ಮೊದಲನೆಯದೇ ಎಂಬುದನ್ನು ಕ್ರೀಡೆಯ ಚರಿತ್ರೆ ಬರೆಯುವವರು ಮರೆಯಬಾರದು.

ಜಾಡುಗಳ ಮೂಲವನ್ನು ನೆಲದಲ್ಲೇ ಹುಡುಕಬೇಕು. ಬೆಂಗಳೂರಿನ ತಳದಲ್ಲಿರುವುದು ನೈಸ್ ಶಿಲೆ, ಅಂದರೆ ಭಾರೀ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾಗಿ ಮಾರ್ಪಟ್ಟ ಕಲ್ಲು. ಪಶ್ಚಿಮಕ್ಕೆ ರಾಮನಗರದ ಕಡೆ, ಆ ಊರಿನ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯನ್ನೇ ಹೊತ್ತಿರುವ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಸಾಲು ಎದ್ದು ನಿಲ್ಲುತ್ತದೆ. ಈ ಶಿಲೆಗಳು ಸವೆದು ಕೆಂಪು ಮರಳುಮಣ್ಣಾಗುವಾಗ ಗಟ್ಟಿ ಭಾಗ ಹಾಸುಬಂಡೆಯಾಗಿ ಉಳಿಯುತ್ತದೆ, ಬಂಡೆಯ ಸುತ್ತ ಬೇಸಾಯ ಸಾಗದು, ಸಾಗದ ನೆಲ ಗೋಮಾಳವಾಗಿ, ಎಂದರೆ ಊರ ದನಗಳು ಮೇಯಲು ಬಿಟ್ಟ ಜಾಗವಾಗಿ ಉಳಿಯುತ್ತದೆ. ಮೇಯಲು ಹೊರಟ ದನಗಳು ಒಂದರ ಹಿಂದೊಂದು ನಡೆಯುತ್ತವೆ, ನೆಟ್ಟಗೆ ಏರದೆ ಗುಡ್ಡದ ಪಕ್ಕೆಯನ್ನು ಓರೆಯಾಗಿ ಹಿಡಿಯುತ್ತವೆ, ಮಳೆಗಾಲದಲ್ಲಿ ಕೆಸರಾಗುವ ತಗ್ಗನ್ನು ಬಳಸಿ ಹೋಗುತ್ತವೆ. ಹೀಗೆ ತಲೆಮಾರುಗಳಿಂದ ತುಳಿದ ಗೇಣಗಲದ ಹಾದಿಯೇ ಒಂಟಿಜಾಡು, ಒಬ್ಬ ಸವಾರ ಮಾತ್ರ ಹಿಡಿಸುವ ಹಾದಿ. ಬೇರೆ ದೇಶಗಳಲ್ಲಿ ನುರಿತವರು ಇಳಿಜಾರಿನ ಕೋನವನ್ನು ಅಳೆದು ಕಡಿಯುವ ಒಂಟಿಜಾಡಿನ ಗುಣಗಳೆಲ್ಲ ದನಗಾಹಿಗಳ ಹಾದಿಯಲ್ಲಿ ತಾವಾಗಿಯೇ ಸೇರಿಕೊಂಡಿರುವುದು ಆಕಸ್ಮಿಕವಲ್ಲ, ಏಕೆಂದರೆ ಎರಡೂ ಕಡೆ ಹಾದಿಯನ್ನು ನಿರ್ಧರಿಸಿದ್ದು ಏರಿನಲ್ಲಿ ದಣಿವನ್ನು ಉಳಿಸುವ ಮತ್ತು ನೀರಿನ ಹರಿವಿಗೆ ಅಡ್ಡ ಸಿಗದಿರುವ ಅಗತ್ಯ.

ಬಂಡಿಯ ಜಾಡು ಇದಕ್ಕಿಂತ ಅಗಲ. ಕಬ್ಬಿಣದ ಪಟ್ಟೆ ಬಿಗಿದ ಗಾಲಿಗಳು ಕೊರೆದ ಎರಡು ಸಾಲು ಮತ್ತು ನಡುವೆ ಹುಲ್ಲು ಬೆಳೆದ ಏಣು, ಇದು ಹೊಲದಿಂದ ಕಣಕ್ಕೆ, ಊರಿನಿಂದ ಸಂತೆಗೆ, ಬನ್ನೇರುಘಟ್ಟದ ಚಂಪಕಧಾಮಸ್ವಾಮಿಯ ಜಾತ್ರೆಗೆ ಹೋಗುತ್ತಿದ್ದ ಹಾದಿ. ಹೊಸೂರು ರಸ್ತೆಯ ಆಚೆ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳವರು ನೂರಡಿ ಎತ್ತರದ ಕುರ್ಜುಗಳನ್ನು, ಅಂದರೆ ಮರ ಮತ್ತು ಬಟ್ಟೆಯಿಂದ ಕಟ್ಟಿದ ತೇರುಗಳನ್ನು, ಹೊಲಗಳ ನಡುವೆ ಎಳೆದು ತರುವ ಪದ್ಧತಿ ಇಂದಿಗೂ ಉಳಿದಿರುವುದು ಇಂಥ ಹಾದಿಗಳ ನೆನಪನ್ನು ಊರುಗಳಲ್ಲಿ ಜೀವಂತವಾಗಿಟ್ಟಿದೆ. ಕಾಡಿನೊಳಗೆ ಜೇನು ಮತ್ತು ಕಿರು ಅರಣ್ಯ ಉತ್ಪನ್ನಗಳನ್ನು ನೆಚ್ಚಿ ಬದುಕಿದ ಇರುಳಿಗರ ಕಾಲುದಾರಿಗಳು ಇನ್ನೂ ಸೂಕ್ಷ್ಮವಾದವು, ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳದವು. ಇವುಗಳ ಮೇಲೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳು ಎರಡು ಹೊಸ ಪದರಗಳನ್ನು ಸೇರಿಸಿದವು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಗೋಮಾಳ ಮತ್ತು ಒಣಹೊಲಗಳನ್ನು ಆವರಿಸಿದ ನೀಲಗಿರಿ ತೋಪುಗಳಿಗೆ ಕಡಿತದ ಲಾರಿಗಳು ಓಡಾಡಲು ನೇರ ದಾರಿಗಳಾದವು. ಜಿಗಣಿ ಮತ್ತು ಆನೇಕಲ್ ಕಡೆ ಕಟ್ಟಡಗಳಿಗೆ ಜಲ್ಲಿಯನ್ನೂ ಚಪ್ಪಡಿಯನ್ನೂ ಒದಗಿಸಿದ ಕ್ವಾರಿಗಳು ಗುಡ್ಡವನ್ನೇ ಸೀಳಿ ರಸ್ತೆ ಮಾಡಿಕೊಂಡವು. ನೀಲಗಿರಿ ನೆಡುವುದನ್ನು ರಾಜ್ಯ 2017ರಲ್ಲಿ ನಿಷೇಧಿಸಿತು; ಕೆಲಸ ನಿಂತ ಎಷ್ಟೋ ಕ್ವಾರಿಗಳಲ್ಲಿ ನೀರು ನಿಂತಿದೆ; ಬಿಟ್ಟುಹೋದ ಆ ದಾರಿಗಳು ಸೈಕಲಿಗೆ ದಕ್ಕಿವೆ.

ಕನಕಪುರ ರಸ್ತೆಯ ಪಕ್ಕದ ತುರಹಳ್ಳಿಯಲ್ಲಿ ಈ ಪದರಗಳೆಲ್ಲ ಒಂದೆಡೆ ಕಾಣಸಿಗುತ್ತವೆ. ಆರುನೂರು ಎಕರೆಯ ಆಸುಪಾಸಿನ ಆ ಸಣ್ಣ ಕಾಡಿನಲ್ಲಿ ಹಾಸುಬಂಡೆ, ನೀಲಗಿರಿ, ಲಂಟಾನದ ಪೊದೆ ಮತ್ತು ಹಳೆಯ ಕಾಲುದಾರಿಗಳು ಒತ್ತಾಗಿರುವುದರಿಂದ, ಬಂಡೆ ಹತ್ತುವವರಿಗೂ ಗುಡ್ಡದ ಸೈಕಲ್ ಸವಾರರಿಗೂ ಅದು ಅಭ್ಯಾಸದ ನೆಲೆಯಾಯಿತು. 2021ರ ಆರಂಭದಲ್ಲಿ ಅಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಪ್ರಸ್ತಾಪ ಬಂದಾಗ ಸುತ್ತಲ ನಿವಾಸಿಗಳು, ಪಕ್ಷಿವೀಕ್ಷಕರು ಮತ್ತು ಸವಾರರು ಒಟ್ಟಾಗಿ ಬೀದಿಗಿಳಿದು, ಕಾಡು ಕಾಡಾಗಿಯೇ ಉಳಿಯಲಿ ಎಂದು ಒತ್ತಾಯಿಸಿದ ಫಲವಾಗಿ ಸರ್ಕಾರ ಹಿಂದೆ ಸರಿಯಿತು. ಈ ಚಳವಳಿಗೆ ಕ್ರೀಡೆಯ ಆಚೆಗಿನ ಮಹತ್ವವಿದೆ: ಸವಾರರು ತಾವು ಬಳಸುವ ನೆಲದ ಹಣೆಬರಹದ ಬಗ್ಗೆ ಸಾರ್ವಜನಿಕವಾಗಿ ಮಾತಾಡಿದರು, ಅದೂ ತಮಗೆ ಸೌಲಭ್ಯ ಬೇಕೆಂದಲ್ಲ, ಅಲ್ಲಿ ಏನನ್ನೂ ಕಟ್ಟಬಾರದೆಂದು.

ತುರಹಳ್ಳಿಯಂಥ ಸವಾರಿ ಬನ್ನೇರುಘಟ್ಟಕ್ಕೆ ಒಪ್ಪುವುದಿಲ್ಲ. ಸುಮಾರು 260 ಚದರ ಕಿ.ಮೀ. ವಿಸ್ತಾರದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುವುದರಿಂದ ಅನುಮತಿಯಿಲ್ಲದೆ ಒಳಹೋಗುವುದು ಅಪರಾಧ. ಅದಕ್ಕಿಂತ ದೊಡ್ಡ ಕಾರಣ ಆನೆಗಳು. ಕಾವೇರಿ ವನ್ಯಜೀವಿಧಾಮ ಮತ್ತು ಹೊಸೂರಿನ ಕಾಡುಗಳ ನಡುವೆ ಓಡಾಡುವ ಹಿಂಡುಗಳು ರಾಗಿ ಕಟಾವಿನ ತಿಂಗಳುಗಳಲ್ಲಿ ಕಾಡಂಚಿನ ಹೊಲಗಳಿಗೆ ಇಳಿಯುತ್ತವೆ, ರಾತ್ರಿ ಮೇದು ಬೆಳಗಿನ ಜಾವಕ್ಕೆ ಕಾಡಿಗೆ ಮರಳುತ್ತವೆ. ಬಿಸಿಲಿಗೆ ಮುಂಚೆ ಹೊರಡುವ ಸವಾರ ಸದ್ದಿಲ್ಲದ ಸೈಕಲಿನಲ್ಲಿ ಅವುಗಳಿಗೆ ಎದುರಾಗುವುದು ಅದೇ ಹೊತ್ತಿನಲ್ಲಿ. ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ, ಅಂದರೆ ಗಣಿಗಾರಿಕೆ ಮತ್ತು ಕಟ್ಟಡಗಳಿಗೆ ನಿರ್ಬಂಧವಿರುವ ಪಟ್ಟಿ, 2016ರ ಕರಡಿನಲ್ಲಿ 268.96 ಚ.ಕಿ.ಮೀ. ಇದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 168.84 ಚ.ಕಿ.ಮೀ.ಗೆ ಇಳಿಯಿತು. ವಲಯದಿಂದ ಹೊರಬಿದ್ದ ನೂರು ಚದರ ಕಿಲೊಮೀಟರು ಕಾಡಿಗೂ ಊರಿಗೂ ನಡುವಣ ಆಸರೆಯ ನೆಲವಾಗಿತ್ತು ಎಂಬುದು ನೋವಿನ ಸಂಗತಿ. ಸೈಕಲಿಗೆ ಯೋಗ್ಯವಾದ, ಕಾಡಿನ ಒಳಗಲ್ಲದ ಜಾಡುಗಳು ಉಳಿಯಬಲ್ಲದ್ದು ಇಂಥ ನೆಲದಲ್ಲೇ.

ಉಳಿದ ಜಾಡುಗಳ ಭವಿಷ್ಯ ಕಂದಾಯ ಇಲಾಖೆಯ ಒಂದು ಹಳೆಯ ವರ್ಗೀಕರಣಕ್ಕೆ ತಳುಕು ಹಾಕಿಕೊಂಡಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ಬೇಸಾಯಕ್ಕೆ ಒದಗದ ಖರಾಬು ಜಮೀನನ್ನು ಎರಡಾಗಿ ವಿಂಗಡಿಸುತ್ತವೆ: ಬಂಡೆ, ಕಣ, ಮನೆಯಂಥವು ‘ಎ’ ಖರಾಬು, ರಸ್ತೆ, ಕಾಲುದಾರಿ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕ ಬಳಕೆಗೆ ಮೀಸಲಾದವು ‘ಬಿ’ ಖರಾಬು. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಎಂದು ಗೆರೆ ಎಳೆದಿದ್ದರೆ, ಅದರ ಎರಡೂ ಬದಿಯ ಹೊಲಗಳು ಬಡಾವಣೆಯಾದರೂ ಆ ಗೆರೆಯ ಮೇಲಿನ ಊರಿನ ಹಕ್ಕು ತಾನಾಗಿ ಅಳಿಯುವುದಿಲ್ಲ. ಬೊಮ್ಮನಹಳ್ಳಿ ನಗರಸಭೆ 2007ರಲ್ಲಿ ಬೃಹತ್ ಬೆಂಗಳೂರಿನಲ್ಲಿ ಲೀನವಾದ ನಂತರ ಬೇಗೂರಿನ ಸುತ್ತ ಹೊಲಗಳು ನಿವೇಶನಗಳಾಗುವಾಗ ಎಷ್ಟೋ ಬಂಡಿದಾರಿಗಳು ಕಾಂಪೌಂಡಿನೊಳಗೆ ಸೇರಿಹೋದದ್ದು ಹಕ್ಕಿನ ಕೊರತೆಯಿಂದಲ್ಲ, ಆ ಹಾದಿಯಲ್ಲಿ ಓಡಾಡಿ ಹಕ್ಕು ಕೇಳುವವರು ಇಲ್ಲವಾದದ್ದರಿಂದ. ಬಂಡಿ ಕಟ್ಟುವ ರೈತ ಹೊಲ ಮಾರಿದ ಮೇಲೆ ಆ ಹಾದಿ ತುಳಿಯುವವರು ಶಾಲೆಯ ಮಕ್ಕಳು, ಕೂಲಿಗೆ ಹೋಗುವ ಹೆಂಗಸರು ಮತ್ತು ಸೈಕಲ್ ಸವಾರರು. ಈ ಮೂವರ ಹಿತ ಇಲ್ಲಿ ಒಂದೇ ಆಗಿದ್ದರೂ ಅವರು ಒಂದೇ ಸಭೆಯಲ್ಲಿ ಕೂತು ಮಾತಾಡುವುದು ಅಪರೂಪ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುವುದರಿಂದ, ಸವಾರಿಯ ಹಾದಿಯನ್ನು ಗುರುತಿಸುವವರು ಅದನ್ನು ಗ್ರಾಮ ನಕ್ಷೆಯ ಜೊತೆಗಿಟ್ಟು, ಎಲ್ಲಿ ಖಾಸಗಿ ಹೊಲ, ಎಲ್ಲಿ ಅರಣ್ಯ, ಎಲ್ಲಿ ಬಿ ಖರಾಬು ಎಂದು ಮೊದಲೇ ತಿಳಿದುಕೊಂಡು, ಒತ್ತುವರಿ ಕಂಡ ಕಡೆ ಆನೇಕಲ್ ಅಥವಾ ಬೆಂಗಳೂರು ದಕ್ಷಿಣದ ತಹಶೀಲ್ದಾರರಿಗೆ ಊರಿನವರೊಂದಿಗೆ ಸೇರಿ ಅರ್ಜಿ ಕೊಡಬಹುದು.