ಪಾರಣೆ ಇಲ್ಲದ ಉಪವಾಸ



ಜ್ವರ ಬಂದರೆ ಮೈ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಆದರೆ ಊಟ ಕಂಡರೇ ಹೆದರುವ ಕಾಯಿಲೆಯೂ ಒಂದಿದೆ. ಅದು ಬಂದರೆ ಮನೆಯವರಿಗೂ ಬೇಗ ಗೊತ್ತಾಗೋದಿಲ್ಲ. ನಮ್ಮ ವಯಸ್ಸಿನಲ್ಲೇ ಹೆಚ್ಚಾಗಿ ಶುರುವಾಗುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ ತಿಳಿದಿರಬೇಕು. ಮೊದಲನೆಯದು ಅನೊರೆಕ್ಸಿಯಾ. ದಪ್ಪ ಆಗ್ತೀನಿ ಅನ್ನೋ ಭಯದಿಂದ ಊಟ ಕಡಿಮೆ ಮಾಡುತ್ತಾ ಹೋಗುತ್ತಾರೆ. ಮೂಳೆ ಕಂಡರೂ ತಾವು ದಪ್ಪ ಅಂತಲೇ ಅನಿಸುತ್ತದೆ. ಎರಡನೆಯದು ಬುಲಿಮಿಯಾ. ತಡೆಯಲಾಗದೆ ವಿಪರೀತ ತಿಂದು, ಆಮೇಲೆ ಗುಟ್ಟಾಗಿ ವಾಂತಿ ಮಾಡಿಕೊಳ್ಳುತ್ತಾರೆ. ಇದರಿಂದ ರಕ್ತದಲ್ಲಿ ಪೊಟಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಎರಡೂ ಹುಡುಗರಿಗೂ ಬರುತ್ತವೆ.

ಬೆಂಗಳೂರಿನ ಬಸವನಗುಡಿಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಕಾರ್ತಿಕದ ಕೊನೇ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ನಾನು ಹೋಗಿದ್ದಾಗ ದೊಡ್ಡಮ್ಮನ ಮಗಳು, ನಮ್ಮಕ್ಕ, ನಾಲ್ಕೇ ಕಡಲೆಕಾಯಿ ಎಣಿಸಿಕೊಂಡು "ಸಾಕು" ಅಂದಳು. ಯಾರೋ ಅವಳನ್ನು ಗುಂಡಮ್ಮ ಅಂತ ಆಡಿಕೊಂಡಿದ್ದರಂತೆ. ವಾರಕ್ಕೆ ಮೂರು ದಿನ ಉಪವಾಸ ಹಿಡಿದಾಗ ಮನೆಯವರು ಭಕ್ತಿ ಅಂದುಕೊಂಡರು. ಏಕಾದಶಿಗಾದರೆ ಮಾರನೇ ದಿನ ಪಾರಣೆ ಇರುತ್ತದೆ. ಅವಳ ಉಪವಾಸಕ್ಕೆ ಪಾರಣೆಯೇ ಇರಲಿಲ್ಲ. ಕೂದಲು ಉದುರಿತು, ಸದಾ ಚಳಿ, ಮುಟ್ಟು ನಿಂತಿತು. ಆಮೇಲೆ ಡಾಕ್ಟರಿಗೆ ತೋರಿಸಿದರು. ಈಗ ನಿಧಾನವಾಗಿ ಗುಣವಾಗುತ್ತಿದ್ದಾಳೆ.

"ಹಠ ಬಿಟ್ಟು ಎರಡು ತುತ್ತು ತಿಂದರೆ ಸರಿಹೋಗುತ್ತೆ" ಅಂತ ನೆಂಟರು ಹೇಳುತ್ತಿದ್ದರು. ಅಷ್ಟು ಸುಲಭ ಅಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಮಂದಿ ಆರೋಗ್ಯವಂತ ಯುವಕರು ಒಂದು ಪ್ರಯೋಗಕ್ಕಾಗಿ ಸುಮಾರು 6 ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರಿಗೂ ಸದಾ ಊಟದ್ದೇ ಯೋಚನೆ, ಸಿಟ್ಟು, ಬೇಸರ. ಹೊಟ್ಟೆ ಬರಿದಾದರೆ ಮನಸ್ಸೂ ಬದಲಾಗುತ್ತದೆ. ಅದಕ್ಕೇ ಊಟ, ಮನಸ್ಸು ಎರಡಕ್ಕೂ ಚಿಕಿತ್ಸೆ ಬೇಕು.

ನೆನಪಿಡಬೇಕಾದ ಮಾತುಗಳು:

1. ಹರೆಯದಲ್ಲಿ ಮೈ ತುಂಬಿಕೊಳ್ಳುವುದು ಬೆಳವಣಿಗೆ. ಅದಕ್ಕೆ ನಾಚಬೇಕಿಲ್ಲ. ಎತ್ತರ, ಮೈಕಟ್ಟು ಬಹುಪಾಲು ಅಪ್ಪ ಅಮ್ಮನಿಂದ ಬರುತ್ತವೆ.

2. ಯಾರಾದರೂ ಮಧ್ಯಾಹ್ನದ ಊಟ ದಿನಾ ತಪ್ಪಿಸುತ್ತಿದ್ದರೆ ಗದರಿಸಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ, ಮೇಷ್ಟ್ರಿಗೋ ಟೀಚರಿಗೋ ತಿಳಿಸಿ.

3. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್, 14416, ಉಚಿತ ಫೋನ್ ಸಹಾಯ. ಕನ್ನಡದಲ್ಲೇ ಮಾತಾಡಬಹುದು.

ಈ ಕಾಯಿಲೆಗೆ ಒಂದೇ ಕಾರಣ ಅಂತ ಇಲ್ಲ. ಆದರೆ ನಾವು ತಮಾಷೆಗೆ ಆಡಿದ ಮಾತೂ ಕಿಡಿಯಾಗಬಹುದು. ನಮ್ಮ ತರಗತಿಯಲ್ಲೂ ಡುಮ್ಮ, ಕಡ್ಡಿ ಅನ್ನೋ ಅಡ್ಡಹೆಸರುಗಳಿವೆ. ಇವತ್ತಿನಿಂದ ಎಲ್ಲರನ್ನೂ ಅವರವರ ಹೆಸರು ಹಿಡಿದೇ ಕರೆಯೋಣ.