ವಿಡಿಯೊ ಹಾಕಿದರೆ ಮಿಶ್ರ ಕಲಿಕೆಯೇ?

ಒಂದು ಗಂಟೆಯ ಉಪನ್ಯಾಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಹಾಕಿಬಿಟ್ಟರೆ ಮಿಶ್ರ ಕಲಿಕೆ, ಅಂದರೆ ಬ್ಲೆಂಡೆಡ್ ಲರ್ನಿಂಗ್, ಮುಗಿಯಿತು ಎಂಬ ನಂಬಿಕೆ ಪದವಿ ಕಾಲೇಜುಗಳಲ್ಲಿ ಬೇರುಬಿಟ್ಟಿದೆ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಲು ಹೊರಟಾಗ ಅದಕ್ಕೆ ಇನ್ನಷ್ಟು ಪುಷ್ಟಿ ಸಿಕ್ಕಿತು. ಕೈಗೆ ಯಂತ್ರ ಬಂದ ಮೇಲೆ ಯೋಜನೆಯ ಗೊಡವೆ ಯಾರಿಗೆ?

ಉಪನ್ಯಾಸ ತೆರೆಯ ಮೇಲೆ ಬಂದರೂ ಉಪನ್ಯಾಸವೇ. ಯಾವುದು ಮನೆಗೆ, ಯಾವುದು ತರಗತಿಗೆ ಎಂದು ಮೊದಲೇ ವಿಂಗಡಿಸುವುದರಲ್ಲಿ ಈ ಪದ್ಧತಿಯ ಜೀವವಿದೆ. ಬಿ.ಎ. ಇತಿಹಾಸದಲ್ಲಿ 1858ರ ಸುರಪುರ ಬಂಡಾಯದ ಪಾಠವಿದೆ ಎನ್ನೋಣ. ಘಟನೆಗಳ ಕ್ರಮ, ರಾಜಾ ವೆಂಕಟಪ್ಪ ನಾಯಕನ ಹಿನ್ನೆಲೆ ಇವಕ್ಕೆ ಹತ್ತು ನಿಮಿಷದ ವಿಡಿಯೊ, ಐದು ಪ್ರಶ್ನೆ ಸಾಕು. ಹಿಂದಿನ ರಾತ್ರಿಯೇ ಉತ್ತರಗಳ ಮೇಲೆ ಕಣ್ಣಾಡಿಸಿದ ಅಧ್ಯಾಪಕರಿಗೆ ಹುಡುಗರು ಎಲ್ಲಿ ಎಡವಿದ್ದಾರೆಂದು ಗೊತ್ತಿರುತ್ತದೆ. ತರಗತಿಯಲ್ಲಿ ಮೆಡೋಸ್ ಟೇಲರ್‌ನ ಆತ್ಮಚರಿತ್ರೆಯ ಒಂದು ಪುಟ ಹಂಚಿ, ರಾಜನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ನಡೆಸಿದ್ದ ಆ ಅಧಿಕಾರಿಯ ಮಾತನ್ನು ಎಷ್ಟು ನಂಬಬಹುದು ಎಂಬ ವಾದಕ್ಕೆ ಬಿಡಬೇಕು. ಅವನ ಬಂಗಲೆ ಟೇಲರ್ ಮಂಜಿಲ್ ಊರಲ್ಲೇ ಇದೆ. ಸುರಪುರದ ಹುಡುಗರಿಗೆ ಅದನ್ನು ನೋಡಿಬರುವುದೂ ಪಾಠವೇ. ಇಂಥ ವಾದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆಯುವುದಿಲ್ಲ. ಅಲ್ಲಿ ಬರುವುದು ಹೆಬ್ಬೆರಳಿನ ಗುರುತು ಮಾತ್ರ.

ಮಿಶ್ರ ಕಲಿಕೆಯವರು ತುಸು ಮುಂದಿದ್ದಾರೆಂದು ಅಮೆರಿಕದ ಶಿಕ್ಷಣ ಇಲಾಖೆಯ 2010ರ ಸಮೀಕ್ಷೆಯೊಂದು ಹೇಳಿದ್ದುಂಟು. ಅವರಿಗೆ ಹೆಚ್ಚಿನ ಸಮಯ, ಹೆಚ್ಚಿನ ಸಾಮಗ್ರಿಯೂ ಸಿಕ್ಕಿದ್ದರಿಂದ ಇದನ್ನು ಮಾಧ್ಯಮದ ಮಹಿಮೆ ಎನ್ನಲಾಗದು ಎಂದು ಅದೇ ವರದಿ ಎಚ್ಚರಿಸಿದೆ. ಪ್ರಚಾರದ ಭಾಷಣಗಳಲ್ಲಿ ಈ ಎರಡನೆಯ ಮಾತು ಕೇಳಿಬರುವುದು ಅಪರೂಪ.

ಉಳಿದ ನಂಬಿಕೆಗಳು ಚಿಲ್ಲರೆಯವು. ಯುಜಿಸಿ 2021ರ ಟಿಪ್ಪಣಿಯಲ್ಲಿ ಹೇಳಿದ ಶೇ 40 ಆನ್‌ಲೈನ್ ಪಾಲು ಮಿತಿಯೇ ಹೊರತು ವಾರಕ್ಕೆರಡು ದಿನದ ರಜೆಯಲ್ಲ. ಅಧ್ಯಾಪಕರ ಕೆಲಸವೂ ಕಡಿಮೆಯಾಗದು, ತಯಾರಿಗೆ ಹೆಚ್ಚೇ ಬೇಕು. ರೀಲ್ಸ್ ನೋಡಬಲ್ಲವನಿಗೆ ಪಿಡಿಎಫ್ ಓದಿ ಟಿಪ್ಪಣಿ ಮಾಡುವುದು ತಾನಾಗಿ ಬಾರದು. ವಡಗೇರಾ, ಹುಣಸಗಿ ಕಡೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಪಾಠ ನಿಲ್ಲಬೇಕಿಲ್ಲ. ಕಾಲೇಜಿನಲ್ಲೇ ವಿಡಿಯೊ ಇಳಿಸಿಕೊಂಡು ಹೋದರೆ ಹತ್ತಿ ಬಿಡಿಸುವ ದಿನಗಳಲ್ಲೂ ರಾತ್ರಿ ನೋಡಬಹುದು.

ಹೊಸ ಯಂತ್ರ ಬಂದಾಗಲೆಲ್ಲ ಮೇಷ್ಟ್ರ ಕೊರತೆ ತೀರಿತೆಂದು ನಂಬುವುದು ಹಳೆಯ ಚಾಳಿ. 2004ರಲ್ಲಿ ಪಾಠ ಬಿತ್ತರಿಸಲೆಂದು ಎಜುಸ್ಯಾಟ್ ಉಪಗ್ರಹ ಹಾರಿದಾಗಲೂ ಇದೇ ಉತ್ಸಾಹವಿತ್ತು. ಮೇಷ್ಟ್ರ ಕೊರತೆ ಈಗಲೂ ಇದೆ.

ಯೋಜನೆ ಶುರುವಾಗಬೇಕಾದದ್ದು ಅಂಕಪಟ್ಟಿಯಿಂದ. ಮನೆಯ ಪ್ರಶ್ನೆಗಳಿಗೆ ಆಂತರಿಕ ಅಂಕವಿಲ್ಲದಿದ್ದರೆ ವಿಡಿಯೊ ತೆರೆಯುವವರು ವಿರಳ. ಆ ಅಂಕಗಳ ಹಂಚಿಕೆ ಸೆಮಿಸ್ಟರಿಗೆ ಮುನ್ನವೇ ತೀರ್ಮಾನವಾಗಿ ಸೂಚನಾ ಫಲಕಕ್ಕೆ ಬಂದಿರಬೇಕು.