ಕೀವು ಕಂಡರೆ ಮುಚ್ಚಿಡಬೇಡಿ

ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎಷ್ಟೋ ಮಂದಿ ಆ ವಿಷಯವನ್ನು ಹತ್ತಿರದ ನೆಂಟರಿಗೂ ಹೇಳಿರುವುದಿಲ್ಲ. ಹರ್ನಿಯಾ ಎಂದೋ ಪಿತ್ತಕೋಶದ ಕಲ್ಲು ಎಂದೋ ಹೇಳಿ ಸುಮ್ಮನಾಗಿರುತ್ತಾರೆ. ‘ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡರು’ ಎಂಬ ಮಾತು ಯಾರಿಗೆ ಬೇಕು? ಮನೆಗೆ ಬಂದ ಕೆಲವೇ ದಿನಗಳಲ್ಲಿ ಹೊಟ್ಟೆಯ ಮೇಲಿನ ಒಂದು ಸಣ್ಣ ಗಾಯ ಕೆಂಪಗಾಗಿ, ಪಟ್ಟಿಯ ಮೇಲೆ ಹಳದಿ ಕಲೆ ಕಂಡಾಗ ಅದೇ ಸಂಕೋಚ ಮತ್ತೆ ಕಾಡುತ್ತದೆ. ಎರಡು ದಿನ ನೋಡೋಣ, ತಾನೇ ಒಣಗೀತು ಎಂದು ಕಾಯುತ್ತಾರೆ. ಗಾಯದ ಸೋಂಕು ಬಹುಪಾಲು ವಾಸಿಯಾಗುವಂಥದ್ದೇ. ಅದನ್ನು ಕೆಡಿಸುವುದು ಈ ಕಾಯುವಿಕೆ.

ಸೋಂಕು ತಗಲುವುದೇಕೆ?

ಅಮೆರಿಕದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಬೊಜ್ಜಿನ ಶಸ್ತ್ರಚಿಕಿತ್ಸೆ ಆರಂಭಿಸಿದಾಗ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಲೇಬೇಕಿತ್ತು. ಲ್ಯಾಪರೊಸ್ಕೋಪಿಯಿಂದ ಬೈಪಾಸ್ ಮಾಡಿದ ಮೊದಲ ವರದಿ ಬಂದದ್ದು 1994ರಲ್ಲಿ. ಈಗ ನಾಲ್ಕೈದು ಸಣ್ಣ ರಂಧ್ರಗಳಲ್ಲೇ ಕೆಲಸ ಮುಗಿಯುತ್ತದೆ. ಗಾಯದ ಸೋಂಕು ಬಹಳ ಕಡಿಮೆಯಾಗಿದೆ. ಆದರೆ ಇಲ್ಲವಾಗಿಲ್ಲ. ಸ್ಲೀವ್ ಎಂಬ ಇನ್ನೊಂದು ಬಗೆಯ ಬೊಜ್ಜಿನ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ಒಂದು ರಂಧ್ರದ ಮೂಲಕ ಹೊರತೆಗೆಯುತ್ತಾರೆ. ಸೋಂಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಆ ರಂಧ್ರದಲ್ಲೇ.

ದೇಹದ ಸ್ಥಿತಿಯೂ ಕಾರಣ. ಚರ್ಮದಡಿಯ ಕೊಬ್ಬಿಗೆ ರಕ್ತ ಸಂಚಾರ ಕಡಿಮೆ. ಆಮ್ಲಜನಕ, ಆ್ಯಂಟಿಬಯೋಟಿಕ್ ಎರಡೂ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಹೊಟ್ಟೆಯ ಮಡಿಕೆಗಳಲ್ಲಿ ಬೆವರು ನಿಲ್ಲುತ್ತದೆ. ಇದರಲ್ಲಿ ರೋಗಿಯ ನಡತೆಗೆ ಶಿಕ್ಷೆ ಎಂಬುದೇನೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಮಹಿಳೆಯರಲ್ಲಿ ಶೇ 24 ಮಂದಿ, ಪುರುಷರಲ್ಲಿ ಸುಮಾರು ಶೇ 23 ಮಂದಿ ಅಧಿಕ ತೂಕದವರು. ಇಷ್ಟು ಜನರ ಕಾಯಿಲೆಯನ್ನು ನಾಲಿಗೆಯ ಚಪಲ ಎಂದು ತಳ್ಳಿಹಾಕುವುದು ಕ್ರೌರ್ಯ.

ಯಾವಾಗ ಫೋನ್ ಮಾಡಬೇಕು?

ಗಾಯದ ಸೋಂಕು ಸಾಮಾನ್ಯವಾಗಿ 30 ದಿನಗಳೊಳಗೆ ತಲೆದೋರುತ್ತದೆ. ನೋವು ದಿನೇ ದಿನೇ ಇಳಿಯುವ ಬದಲು ಏರಿದರೆ, ಕೆಂಪು ಸುತ್ತಲೂ ಹಬ್ಬಿದರೆ, ಮುಟ್ಟಿದಾಗ ಬಿಸಿ ಎನಿಸಿದರೆ, ಕೀವು ಅಥವಾ ದುರ್ವಾಸನೆ ಬಂದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಂದೇ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ತಿಳಿಸಬೇಕು. ಹತೋಟಿಯಲ್ಲಿದ್ದ ಸಕ್ಕರೆ ಏಕಾಏಕಿ ಏರುವುದೂ ಒಂದು ಸೂಚನೆ.

ಇನ್ನು ಕೆಲವು ಲಕ್ಷಣಗಳಿಗೆ ಬೆಳಗಾಗುವವರೆಗೂ ಕಾಯುವಂತಿಲ್ಲ. ಸುಮ್ಮನೆ ಮಲಗಿದ್ದಾಗಲೂ ನಾಡಿಬಡಿತ ನಿಮಿಷಕ್ಕೆ 120 ದಾಟುವುದು, ಏದುಸಿರು, ಎಡಭುಜದ ನೋವು, ಹೊಟ್ಟೆಯೊಳಗೆ ಹೆಚ್ಚುತ್ತಿರುವ ನೋವು: ಇವು ಜಠರದ ಹೊಲಿಗೆಯಿಂದ ಒಳಗೆ ಸೋರಿಕೆಯಾಗುತ್ತಿರುವ ಚಿಹ್ನೆಗಳಾಗಿರಬಹುದು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ನಾಡಿ ನೋಡಲು ಅದೇ ಸಾಕು.

ಚೆನ್ನಾಗಿ ಮಾಯ್ದ ಗಾಯದಲ್ಲಿ ಮೂರು ನಾಲ್ಕು ವಾರಗಳ ನಂತರ ಗಂಟು ಎದ್ದು ನೀರಿನಂಥ ಕೀವು ಒಸರುವುದೂ ಉಂಟು. ಕ್ಷಯದ ಬ್ಯಾಕ್ಟೀರಿಯಾದ ಬಳಗಕ್ಕೆ ಸೇರಿದ ಕೆಲವು ಸೂಕ್ಷ್ಮಜೀವಿಗಳು, ಸರಿಯಾಗಿ ಶುದ್ಧಗೊಳಿಸದ ಲ್ಯಾಪರೊಸ್ಕೋಪಿ ಉಪಕರಣಗಳ ಮೂಲಕ ಸೇರಿಕೊಂಡರೆ ಹೀಗಾಗುತ್ತದೆ. ಸಾಮಾನ್ಯ ಆ್ಯಂಟಿಬಯೋಟಿಕ್‌ಗೆ ಇವು ಬಗ್ಗುವುದಿಲ್ಲ. ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಗಾಯ ಮತ್ತೆ ಮತ್ತೆ ಒಸರುತ್ತಿದ್ದರೆ ವಿಶೇಷ ಪರೀಕ್ಷೆ ಬೇಕೇ ಎಂದು ಕೇಳುವುದು ರೋಗಿಯ ಹಕ್ಕು.

ಬಿಚ್ಚಿಟ್ಟ ಗಾಯ

ಕೀವು ತುಂಬಿದ್ದರೆ ವೈದ್ಯರು ಹೊಲಿಗೆ ಬಿಚ್ಚಿ, ಕೀವು ತೆಗೆದು, ಸ್ವಲ್ಪವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ, ಗಾಯವನ್ನು ತೆರೆದೇ ಬಿಡುತ್ತಾರೆ. ಮನೆಯವರು ಗಾಬರಿಯಾಗುವುದು ಇಲ್ಲೇ. ಆದರೆ ಮೇಲೆ ಹೊಲಿದುಬಿಟ್ಟರೆ ಕೀವು ಒಳಗೇ ಉಳಿಯುತ್ತದೆ. ಗಾಯ ತಳದಿಂದ ತುಂಬಿಕೊಂಡು ಬರಬೇಕು. ಅದಕ್ಕೆ ವಾರಗಳೇ ಹಿಡಿಯಬಹುದು. ತಳದಲ್ಲಿ ಕೆಂಪಗೆ, ತೇವವಾಗಿ ಹೊಸ ಮಾಂಸ ಕಂಡರೆ ಅದು ಶುಭಸೂಚನೆ.

ಡ್ರೆಸ್ಸಿಂಗ್ ಮಾಡುವವರು ಮೊದಲು ಸೋಪಿನಿಂದ ಕೈ ತೊಳೆಯಬೇಕು. ಗಾಯ ಒರೆಸಲು ಆಸ್ಪತ್ರೆ ಕೊಟ್ಟ ಸಲೈನ್ ಸಾಕು. ಅರಿಸಿನ, ಕಾಫಿಪುಡಿ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಲಂಗದ ಲಾಡಿ, ಪ್ಯಾಂಟಿನ ಬೆಲ್ಟು ಗಾಯದ ಮೇಲೆ ಒತ್ತದಂತೆ ಸಡಿಲ ಹತ್ತಿ ಬಟ್ಟೆ ಉಡಬೇಕು. ಮನೆಯೊಳಗೆ ನಿಧಾನವಾಗಿ ಓಡಾಡುವುದು ಒಳ್ಳೆಯದು. ಆದರೆ ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತಬಾರದು. ಸೋಂಕು ತಗಲಿದ ಜಾಗದಲ್ಲಿ ಮುಂದೆ ಹರ್ನಿಯಾ ಆಗುವ ಸಾಧ್ಯತೆ ಹೆಚ್ಚು.

ನಂಜಿನ ಭಯ

ನಮ್ಮ ಮನೆಗಳಲ್ಲಿ ಗಾಯವಾದವರಿಗೆ ಮೊದಲು ಬೀಳುವುದು ಪಥ್ಯ. ಬೇಳೆ ನಂಜು, ಮೊಟ್ಟೆ ನಂಜು, ಮೀನು ನಂಜು ಎಂದು ಹಿರಿಯರು ಪ್ರೀತಿಯಿಂದಲೇ ತಡೆಯುತ್ತಾರೆ. ಆದರೆ ಗಾಯ ತುಂಬಲು ದೇಹ ಕೇಳುವುದು ಅವುಗಳಲ್ಲಿರುವ ಪ್ರೋಟೀನನ್ನೇ. ಈ ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು; ಜಠರಕ್ಕೆ ಹಿಡಿಸುವುದೋ ಒಂದು ಪುಟ್ಟ ಬಟ್ಟಲಿನಷ್ಟು. ಒಂದೆರಡು ಚಮಚ ಹಿಟ್ಟಿನ ರಾಗಿ ಗಂಜಿಯಲ್ಲಿ ಒಂದೆರಡು ಗ್ರಾಂ ಪ್ರೋಟೀನ್ ಸಿಕ್ಕೀತು. ಬೇಳೆಯ ಕಟ್ಟಿನಲ್ಲೂ ಹೆಚ್ಚೇನಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಇದೆ. ದ್ರವಾಹಾರದ ವಾರಗಳಲ್ಲಿ ವೈದ್ಯರು ಹೇಳಿದ ಪ್ರೋಟೀನ್ ಪುಡಿ ಬೆರೆಸಿದ ಹಾಲು, ಆಮೇಲೆ ನುಣ್ಣಗೆ ಬೇಯಿಸಿದ ಹೆಸರುಬೇಳೆ, ಗಟ್ಟಿ ಮೊಸರು, ಮೊಟ್ಟೆ, ಮೃದುವಾದ ಮೀನು: ಪ್ರತಿ ತುತ್ತಿನಲ್ಲೂ ಪ್ರೋಟೀನಿಗೆ ಮೊದಲ ಸ್ಥಾನ. ಬರೀ ಗಂಜಿ ಕುಡಿಸುವ ಪಥ್ಯ ಗಾಯವನ್ನು ಉಪವಾಸ ಕೆಡವುತ್ತದೆ.

ಮಾತ್ರೆ, ಡ್ರಿಪ್ಪು

ದೊಡ್ಡ ಮಾತ್ರೆ ನುಂಗಲಾಗದಿದ್ದರೆ ತಾವಾಗಿ ಪುಡಿ ಮಾಡಬಾರದು; ಸಿರಪ್ ಸಿಗುತ್ತದೆಯೇ ಎಂದು ಕೇಳಬೇಕು. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥ ಔಷಧಗಳನ್ನು ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಜೊತೆಗೇ ತೆಗೆದುಕೊಂಡರೆ ಅವು ರಕ್ತಕ್ಕೆ ಸೇರುವುದು ಕುಂದುತ್ತದೆ. ಎಷ್ಟು ಗಂಟೆ ಅಂತರವಿರಬೇಕೆಂದು ಕೇಳಿಕೊಳ್ಳಬೇಕು. ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಾವಾಗಿ ನುಂಗಬಾರದು. ವಿಶೇಷವಾಗಿ ಬೈಪಾಸ್ ಆದವರಿಗೆ ಅವು ಹುಣ್ಣು ತರುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸೋಂಕು, ಔಷಧ ಎರಡೂ ಸೇರಿ ವಾಂತಿ ನಿಲ್ಲದಿದ್ದರೆ ದೇಹದ ಥಯಮಿನ್, ಅಂದರೆ ಬಿ1 ಜೀವಸತ್ವ, ಬೇಗ ಬರಿದಾಗುತ್ತದೆ. ಆಗ ಸುಸ್ತೆಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿಕೊಂಡರೆ, ಥಯಮಿನ್ ಕೊಡದೆ ಏರಿಸಿದ ಗ್ಲೂಕೋಸ್ ಮೆದುಳಿಗೇ ಹಾನಿ ಮಾಡಬಹುದು. ‘ನನಗೆ ಬೊಜ್ಜಿನ ಆಪರೇಷನ್ ಆಗಿದೆ’ ಎಂಬ ಒಂದು ವಾಕ್ಯವನ್ನು ಆ ವೈದ್ಯರಿಗೆ ಹೇಳಿದರೆ ಈ ಅಪಾಯ ತಪ್ಪುತ್ತದೆ. ಸಂಕೋಚ ಜೀವಕ್ಕೇ ಕುತ್ತು ತರುವುದು ಹೀಗೆ.

ಹಾಗಾಗಿ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕೆಂದು ಕೇಳಿ ಬರೆದಿಟ್ಟುಕೊಳ್ಳಿ. ಡಿಸ್ಚಾರ್ಜ್ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಮನೆಯಲ್ಲಿ ಒಬ್ಬರಿಗಾದರೂ ಪೂರ್ತಿ ವಿಷಯ ಗೊತ್ತಿರಲಿ. ಮನೆಯವರೂ ಅಷ್ಟೇ: ‘ಮೊದಲೇ ಹೇಳಿದ್ದೆ, ಬೇಡ ಅಂತ’ ಎನ್ನುವ ಮಾತನ್ನು ನುಂಗಿಕೊಂಡು ‘ಪಟ್ಟಿ ಬಿಚ್ಚು, ನೋಡೋಣ’ ಎನ್ನಿ. ಸೋಂಕನ್ನು ವಾಸಿ ಮಾಡುವ ಔಷಧ ಆಸ್ಪತ್ರೆಯಲ್ಲಿದೆ. ಸೋಂಕಾಗಿದೆ ಎಂದು ತಡಮಾಡದೆ ಹೇಳಿಕೊಳ್ಳುವ ಧೈರ್ಯ ಸಿಗಬೇಕಾದದ್ದು ಮನೆಯಲ್ಲಿ.